ಸ್ಟೈನರ್ ಬಿದ್ದರೆ ತೆಳುವಾಗುತ್ತಿದ್ದ ಎಮಲ್ಷನ್: ಥಿಕ್ನರ್‌ನ ತುದಿ ಹಿಡಿದು ಮಾಡಿದ ರಿಪೇರಿ

ಹುಬ್ಬಳ್ಳಿ ತಾರಿಹಾಳದ ನಮ್ಮ ಸಣ್ಣ ಪೇಂಟ್ ಘಟಕದಲ್ಲಿ ಒಳಗೋಡೆಗೆ ಹಚ್ಚುವ ಅಕ್ರಿಲಿಕ್ ಎಮಲ್ಷನ್ ಮಾಡುತ್ತೇವೆ. ಅದರ ಡೀಪ್ ಬೇಸ್ ಮೇಲೆ ನಡೆದ ಕೆಲಸದ ದಾಖಲೆ ಇದು. ಡೀಪ್ ಬೇಸ್‌ನಲ್ಲಿ ಬಿಳಿ ಪಿಗ್ಮೆಂಟ್ (ಬಣ್ಣದ ಪುಡಿ) ಅತಿ ಕಡಿಮೆ. ಅಂಗಡಿಯವರು ಅದಕ್ಕೆ ಸ್ಟೈನರ್, ಅಂದರೆ ಗಾಢ ಬಣ್ಣದ ದ್ರವ, ಬೆರೆಸಿ ಕಡುಗೆಂಪು, ಕಡುನೀಲಿ, ಕಂದು ಮಾಡಿ ಕೊಡುತ್ತಾರೆ. ದೂರು ಬಂದದ್ದು ಒಬ್ಬ ಪೇಂಟರ್ ಮೇಸ್ತ್ರಿಯಿಂದ: "ಸರ, ಡಬ್ಬಿ ತೆಗದಾಗ ಗಟ್ಟಿ ಮೊಸರ ಇದ್ದಂಗ ಇರ್ತೈತ್ರಿ. ಅಂಗಡ್ಯಾಗ ಬಣ್ಣ ಹಾಕಿಸಿ ತಂದ್ರ ಮಜ್ಜಿಗಿ ಆಗಿರ್ತೈತಿ. ರೋಲರ್ ಎತ್ತಿದ್ರ ಮೊಣಕೈ ತನಕ ಇಳೀತೈತ್ರಿ." ಅದರ ಹಿಂದೆಯೇ ಎರಡು ಅಂಗಡಿಗಳಿಂದ 20 ಲೀಟರ್ ಬಕೆಟ್‌ಗಳು ವಾಪಸ್ ಬಂದವು.

ಇಂಥ ದೂರು ಬಂದಾಗ ಸಣ್ಣ ಘಟಕಗಳಲ್ಲಿ ಸಾಮಾನ್ಯವಾಗಿ ಥಿಕ್ನರ್, ಅಂದರೆ ಪೇಂಟನ್ನು ದಪ್ಪ ಮಾಡುವ ವಸ್ತು, ಇನ್ನಷ್ಟು ಸುರಿದು ಮುಗಿಸುತ್ತಾರೆ. ನಾವೂ ಅಲ್ಲಿಂದಲೇ ಶುರು ಮಾಡಿದೆವು. ಅದು ಯಾಕೆ ಸಾಲದು, ಏನು ಮಾಡಿದ ಮೇಲೆ ಸಾಲಿತು, ಎಲ್ಲಿ ಇನ್ನೂ ಸಾಲುತ್ತಿಲ್ಲ ಎಂಬುದನ್ನು ಅಳತೆ ಸಹಿತ ಬರೆದಿಡುತ್ತಿದ್ದೇನೆ.

ಹಂತ 1: ಇದ್ದದ್ದನ್ನು ಅಳೆದದ್ದು

ಅಳತೆಗೆ ಸ್ಟಾರ್ಮರ್ ವಿಸ್ಕೋಮೀಟರ್. ಹಳೆಯ ತೂಕದ ಮಾದರಿಯದು, ಸೆಕೆಂಡ್‌ಹ್ಯಾಂಡ್‌ನಲ್ಲಿ 18 ಸಾವಿರಕ್ಕೆ ತಂದದ್ದು. ಪೇಂಟಿನಲ್ಲಿ ಮುಳುಗಿಸಿದ ಪ್ಯಾಡಲ್ ನಿಮಿಷಕ್ಕೆ 200 ಸುತ್ತು ತಿರುಗಲು ಎಷ್ಟು ತೂಕ ಬೇಕೋ ಅದನ್ನು ಕ್ರೆಬ್ಸ್ ಯೂನಿಟ್‌ಗೆ ಬದಲಿಸಿ ಓದುತ್ತೇವೆ. ಕೆಲಸದ ಮಾತಿನಲ್ಲಿ ಕೆಯು. ಗೋಡೆ ಪೇಂಟ್ 90ರಿಂದ 105ರ ಒಳಗಿದ್ದರೆ ರೋಲರ್‌ಗೆ ಸರಿ.

ಬೇಸ್‌ನಲ್ಲಿ ಇದ್ದ ಥಿಕ್ನರ್ ಪಾಲಿಯುರೆಥೇನ್ ಜಾತಿಯದು. ವ್ಯಾಪಾರದಲ್ಲಿ ಇದಕ್ಕೆ ಹ್ಯೂರ್ ಎನ್ನುತ್ತಾರೆ, ಪಿಯು ಥಿಕ್ನರ್ ಎಂದರೂ ಅದೇ. ನಾವು ಬಳಸುತ್ತಿದ್ದುದನ್ನು ಇಲ್ಲಿ "ಎ" ಎಂದು ಕರೆಯುತ್ತೇನೆ. ಕಿಲೋಗೆ 280 ರೂಪಾಯಿ, 20% ಘನಾಂಶ, ಪೇಂಟಿನಲ್ಲಿ ಪ್ರಮಾಣ 1.2%.

ಎಲ್ಲ ಅಳತೆಯೂ 30 ಡಿಗ್ರಿಯಲ್ಲಿ, ಬೆರೆಸಿ 24 ಗಂಟೆ ಬಿಟ್ಟ ಮೇಲೆ. ಬೆರೆಸಿದ ಕೂಡಲೇ ತೆಗೆದ ಅಂಕಿಗೆ ಬೆಲೆಯಿಲ್ಲ. ಮರುದಿನ 5ರಿಂದ 8 ಕೆಯು ಆಚೀಚೆ ಆಗಿರುತ್ತದೆ.

ಬರಿ ಬೇಸ್: 103 ಕೆಯು.
8% ಕೆಂಪು ಸ್ಟೈನರ್ ಹಾಕಿದ ಮೇಲೆ: 70.
0.5% ಸ್ಟೈನರ್ ಮಾತ್ರ ಹಾಕಿದಾಗ: 108.

ಮೂರನೆಯ ಅಂಕಿ ನೋಡಿ ಕೆಲಸ ಅಲ್ಲಿಗೇ ನಿಂತಿತು. ತೆಳು ದ್ರವ ಬೆರೆಸಿದ್ದಕ್ಕೆ ತೆಳುವಾಯಿತು ಎನ್ನುವುದಾದರೆ ಸ್ವಲ್ಪ ಹಾಕಿದಾಗ ದಪ್ಪವಾದದ್ದು ಹೇಗೆ? ಸ್ಟೈನರ್‌ನ ಬಾಟಲಿ ಬದಲಿಸಿ ಮತ್ತೆ ಮಾಡಿದರೂ 107 ಬಂತು.

ಹಂತ 2: ಸ್ಟೈನರ್‌ನಲ್ಲಿ ಯಾವುದು ಕೈ ಆಡಿಸುತ್ತಿದೆ

ಯೂನಿವರ್ಸಲ್ ಸ್ಟೈನರ್ ಎಂದರೆ ಪಿಗ್ಮೆಂಟ್, ನೀರು, ಗ್ಲೈಕಾಲ್, ಜೊತೆಗೆ ಪಿಗ್ಮೆಂಟನ್ನು ಹಿಡಿದಿಡಲು ಸಾಕಷ್ಟು ಸರ್ಫ್ಯಾಕ್ಟಂಟ್, ಅಂದರೆ ಸಾಬೂನಿನ ಜಾತಿಯ ವಸ್ತು. ಪಿಗ್ಮೆಂಟ್ ಬಿಟ್ಟು ಉಳಿದ ಮೂರನ್ನೂ ಬೇರೆ ಬೇರೆಯಾಗಿ ಬೇಸ್‌ಗೆ ಹಾಕಿ ನೋಡಿದೆ.

ಬರಿ ನೀರು 8%: 103ರಿಂದ 95.
ಪ್ರೊಪಿಲೀನ್ ಗ್ಲೈಕಾಲ್ 8%: 91.
ನೀರಿನಲ್ಲಿ 10% ಕರಗಿಸಿದ ನಾನ್‌ಅಯಾನಿಕ್ ಸರ್ಫ್ಯಾಕ್ಟಂಟ್, ಅದೇ 8%: 72.

ಇಲ್ಲಿಗೆ ಅರ್ಧ ಕೆಲಸ ಮುಗಿದಂತಾಯಿತು. ನೀರು ಸೇರಿ ತೆಳುವಾದದ್ದು ಬರೀ 8 ಕೆಯು. ಉಳಿದದ್ದೆಲ್ಲ ಸರ್ಫ್ಯಾಕ್ಟಂಟ್‌ನ ಕೆಲಸ, ಅದೂ ಇಡೀ ಪೇಂಟಿನ ಲೆಕ್ಕದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಇದ್ದುಕೊಂಡು. ಇಷ್ಟು ಕಡಿಮೆ ವಸ್ತು ಇಷ್ಟು ದಪ್ಪವನ್ನು ಕೆಡವಬೇಕಾದರೆ ಅದು ಥಿಕ್ನರ್‌ನ ಅಷ್ಟೇ ಚಿಕ್ಕದಾದ, ಆದರೆ ಎಲ್ಲ ಭಾರ ಹೊತ್ತಿರುವ ಯಾವುದೋ ಭಾಗವನ್ನು ಹಿಡಿಯುತ್ತಿರಬೇಕು.

ಆ ಭಾಗ ಸರಪಳಿಯ ತುದಿ. ಹ್ಯೂರ್ ಅಣುವಿನ ಬೆನ್ನೆಲುಬು ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪೆಗ್. ನೀರಿನಲ್ಲಿ ಸರಾಗವಾಗಿ ಕರಗುವ ಉದ್ದನೆಯ ಸರಪಳಿ. ಅದರ ಎರಡೂ ತುದಿಗೆ ಯುರೆಥೇನ್ ಕೊಂಡಿಯ ಮೂಲಕ ಎಣ್ಣೆಯ ಗುಣದ ಇಂಗಾಲದ ಬಾಲ ಜೋಡಿಸಿರುತ್ತಾರೆ. ನೀರಿಗೆ ಒಗ್ಗದ ಈ ಬಾಲಗಳು ನೀರಿನಲ್ಲಿ ಒಂದನ್ನೊಂದು ಹುಡುಕಿಕೊಂಡು ಗುಂಪಾಗುತ್ತವೆ. ಒಂದೇ ಅಣುವಿನ ಎರಡು ತುದಿ ಒಂದೇ ಗುಂಪಿಗೆ ಸೇರಿದರೆ ಸರಪಳಿ ಮಡಚಿ ಕುಣಿಕೆಯಾಗುತ್ತದೆ, ದಪ್ಪಕ್ಕೆ ಅದರಿಂದ ಅಷ್ಟು ಲಾಭವಿಲ್ಲ. ಎರಡು ತುದಿ ಎರಡು ಬೇರೆ ಗುಂಪಿಗೆ ಸೇರಿದರೆ ಸೇತುವೆಯಾಗುತ್ತದೆ. ಸೇತುವೆಗಳು ಸಾಕಷ್ಟಾದಾಗ ಡಬ್ಬಿಯ ತುಂಬ ಜಾಲ ಹರಡುತ್ತದೆ. ಪೇಂಟಿನಲ್ಲಿ ಬೈಂಡರ್ (ಒಣಗಿ ಗೋಡೆಗೆ ಅಂಟಿಕೊಳ್ಳುವ ಅಕ್ರಿಲಿಕ್) ಕಣಗಳ ಮೈಗೂ ಇವೇ ತುದಿಗಳು ಅಂಟುತ್ತವೆ.

ತೂಕದಲ್ಲಿ ಈ ತುದಿ ಎಷ್ಟು? ನಮ್ಮ ಸರಬರಾಜುದಾರರು ಒಳಗಿನ ರಚನೆ ಹೇಳುವುದಿಲ್ಲ. ಪ್ರಯೋಗಗಳಲ್ಲಿ ಬಹಳ ಬಳಕೆಯಾದ ಮಾದರಿ ಅಣುವನ್ನೇ ತೆಗೆದುಕೊಂಡರೆ, ಅಣುತೂಕ 35,000ದ ಪೆಗ್, ಅಂದರೆ ಸುಮಾರು 800 ಕೊಂಡಿಯ ಸರಪಳಿ. ಎರಡೂ ತುದಿಗೆ 16 ಇಂಗಾಲದ ಬಾಲ, ಒಂದೊಂದು ಬಾಲ 225. ಎರಡೂ ಸೇರಿ 450. ಇಡೀ ಅಣುವಿನ ಶೇಕಡಾ 1.3. ಉಳಿದ 98.7 ಭಾಗ ಬರಿ ಪೆಗ್.

ಇದನ್ನು ಓದಿ ತಿಳಿದಿದ್ದರೂ ಕಣ್ಣಿಂದ ನೋಡದೆ ಬ್ಯಾಚ್‌ನ ಫಾರ್ಮುಲಾ ಮುಟ್ಟುವುದು ಬೇಡವೆನಿಸಿತು. ಪೇಂಟಿನಲ್ಲಿ ಹತ್ತಾರು ವಸ್ತು ಇರುತ್ತವೆ, ಯಾವುದು ಯಾವುದರ ಮೇಲೆ ಕೆಲಸ ಮಾಡಿತು ಎಂದು ಬಿಡಿಸುವುದು ಕಷ್ಟ. ಹಾಗಾಗಿ ಥಿಕ್ನರನ್ನು ಬರಿ ನೀರಿನಲ್ಲಿ ಕರಗಿಸಿ ನೋಡಲು ಒಂದು ಸಲಕರಣೆ ಮಾಡಿಕೊಂಡೆ.

ಹಂತ 3: ಗುಂಡು ಬೀಳಿಸುವ ಕೊಳವೆ

ಬೇಕಾದದ್ದು: 250 ಮಿ.ಲೀ. ಗಾಜಿನ ಅಳತೆ ಸಿಲಿಂಡರ್, ಒಳವ್ಯಾಸ 38 ಮಿ.ಮೀ., 420 ರೂಪಾಯಿ. ಸೈಕಲ್ ಅಂಗಡಿಯಿಂದ ಫ್ರೀವೀಲ್‌ಗೆ ಹಾಕುವ ಉಕ್ಕಿನ ಗುಂಡು, ಎಂಟನೇ ಒಂದು ಇಂಚು, ಅಂದರೆ 3.2 ಮಿ.ಮೀ., ಒಂದು ಪೊಟ್ಟಣ 40 ರೂಪಾಯಿ. ತಳದಿಂದ ಗುಂಡು ಎತ್ತಲು ಹಳೆಯ ಸ್ಪೀಕರಿನ ಅಯಸ್ಕಾಂತ. ಸಿಲಿಂಡರ್ ನಿಲ್ಲಿಸಲು ಬಕೆಟ್ ನೀರು, ಅದರಲ್ಲಿ ಥರ್ಮಾಮೀಟರ್. ಸಮಯಕ್ಕೆ ಫೋನಿನ ಸ್ಲೋ ಮೋಷನ್ ವಿಡಿಯೋ.

ದ್ರವದ ಮೇಲ್ಮೈಯಿಂದ 3 ಸೆಂ.ಮೀ. ಕೆಳಗೆ ಒಂದು ಗೆರೆ, ಅಲ್ಲಿಂದ 15 ಸೆಂ.ಮೀ. ಕೆಳಗೆ ಇನ್ನೊಂದು ಗೆರೆ. ಗುಂಡು ಈ ಎರಡು ಗೆರೆಯ ನಡುವೆ ತೆಗೆದುಕೊಳ್ಳುವ ಸಮಯವೇ ಅಳತೆ.

ಕೊಳವೆ ಮೊದಲು ಸರಿಯಾಗಿ ಕೆಲಸ ಮಾಡಲಿಲ್ಲ. ಕಾರಣ ಎರಡು. ಒಂದು, ಒಣ ಗುಂಡನ್ನು ಬಿಟ್ಟರೆ ಅದರ ಬೆನ್ನಿಗೆ ಗಾಳಿಗುಳ್ಳೆ ಅಂಟಿಕೊಂಡು ಬರುತ್ತಿತ್ತು, ಒಂದೇ ದ್ರಾವಣದಲ್ಲಿ 8 ಸೆಕೆಂಡೂ ಬರುತ್ತಿತ್ತು, 12 ಸೆಕೆಂಡೂ ಬರುತ್ತಿತ್ತು. ಗುಂಡನ್ನು ಅದೇ ದ್ರಾವಣದಲ್ಲಿ ಮೊದಲು ನೆನೆಸಿ, ಚಿಮಟದಲ್ಲಿ ಹಿಡಿದು ಮೇಲ್ಮೈಯ ಒಳಗೇ ಬಿಟ್ಟ ಮೇಲೆ ಅದು ನಿಂತಿತು. ಎರಡು, ಕಲಕಿದಾಗ ಸೇರಿದ ಗಾಳಿ ಗಂಟೆಗಟ್ಟಲೆ ಹೊರಗೆ ಬರುವುದಿಲ್ಲ. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಅಳೆಯುವುದೇ ದಾರಿ. ಮಿಕ್ಸರ್‌ಗೆ ಹಾಕಬೇಡಿ, ಗಾಜಿನ ಕಡ್ಡಿಯಿಂದ ನಿಧಾನವಾಗಿ ತಿರುವಿ.

ಹಂತ 4: ತುದಿಯಿಲ್ಲದ್ದು, ಒಂದು ತುದಿಯದು, ಎರಡು ತುದಿಯದು

ಮೂರು ದ್ರಾವಣ ಮಾಡಿದೆ. ಎಲ್ಲದರಲ್ಲೂ ಪಾಲಿಮರ್ 2%, ಉಷ್ಣತೆ 30 ಡಿಗ್ರಿ.

ಮೊದಲನೆಯದು ಬರಿ ಪೆಗ್ 20,000. ಎರಡೂ ತುದಿಯಲ್ಲಿ ಹೈಡ್ರಾಕ್ಸಿಲ್ ಗುಂಪು, ಎಣ್ಣೆಬಾಲ ಇಲ್ಲ. ಗುಂಡು ಬಿಟ್ಟ ಕೂಡಲೇ ತಳದಲ್ಲಿ, ವಿಡಿಯೋದಲ್ಲೂ ಎಣಿಸುವಂಥದ್ದೇನಿಲ್ಲ. 10% ಮಾಡಿ ನೋಡಿದೆ, ಆಗಲೂ ಒಂದು ಸೆಕೆಂಡ್ ಹಿಡಿಯಲಿಲ್ಲ.

ಎರಡನೆಯದು ಒಂದೇ ತುದಿಗೆ ಬಾಲ ಇರುವ ಎಥಾಕ್ಸಿಲೇಟ್, ಸೀಟೋಸ್ಟಿಯರಿಲ್ ಆಲ್ಕೋಹಾಲ್‌ಗೆ 50 ಕೊಂಡಿ ಪೆಗ್ ಸೇರಿದ ವಸ್ತು. ಬೈಂಡರ್ ಮಾಡುವವರು ಎಮಲ್ಸಿಫೈಯರ್ ಆಗಿ ಬಳಸುತ್ತಾರೆ. ಇದೂ ನೀರಿನಷ್ಟೇ ತೆಳು. ಇದರ ಸರಪಳಿ ಗಿಡ್ಡ ಎನ್ನುವ ವ್ಯತ್ಯಾಸ ಇದೆ, ಆದ್ದರಿಂದ ಇದನ್ನು ಪೂರ್ತಿ ಸರಿಸಮ ಹೋಲಿಕೆ ಎನ್ನಲಾರೆ. ಆದರೂ ಕಾರಣ ಸ್ಪಷ್ಟ: ಒಂದೇ ಬಾಲ ಇರುವ ಅಣುಗಳು ಗುಂಪು ಕಟ್ಟುತ್ತವೆ, ಆದರೆ ಗುಂಪಿನಿಂದ ಗುಂಪಿಗೆ ಸೇತುವೆ ಹಾಕಲು ಇನ್ನೊಂದು ಕೈ ಇಲ್ಲ.

ಮೂರನೆಯದು ನಮ್ಮ ಥಿಕ್ನರ್ ಎ. ಘನಾಂಶ 20% ಆದ್ದರಿಂದ 250 ಗ್ರಾಂ ದ್ರಾವಣಕ್ಕೆ 25 ಗ್ರಾಂ. ಗುಂಡಿಗೆ 8.2 ಸೆಕೆಂಡ್. ಗೋಡೆಯ ತಡೆಯನ್ನು ಲೆಕ್ಕಕ್ಕೆ ಹಿಡಿದು ಗುಂಡಿನ ವೇಗದಿಂದ ದ್ರವದ ದಪ್ಪ ತಿಳಿಸುವ ಸ್ಟೋಕ್ಸ್ ಸೂತ್ರ ಹಾಕಿದರೆ ದಪ್ಪ ಸುಮಾರು 1.7 ಪ್ಯಾಸ್ಕಲ್ ಸೆಕೆಂಡ್, ಅಂದರೆ ಅದೇ ಉಷ್ಣತೆಯ ನೀರಿನ ಎರಡು ಸಾವಿರ ಪಟ್ಟು. ಬಾಲವಿಲ್ಲದ ಪೆಗ್ ಅದೇ 2%ರಲ್ಲಿ ನೀರಿನ ಹತ್ತಿರವೇ ಇದೆ. ಗುಂಡು ನಿಧಾನವಾಗಿ, ಅಲುಗಾಡದೆ, ನೇರ ಗೆರೆಯಲ್ಲಿ ಇಳಿಯುವುದನ್ನು ನಮ್ಮ ಘಟಕದ ಹುಡುಗರೆಲ್ಲ ನಿಂತು ನೋಡಿದರು. ಇದುವರೆಗೆ ಥಿಕ್ನರ್ ಎಂದರೆ ಡ್ರಮ್ಮಿನಿಂದ ಸುರಿಯುವ ದ್ರವ ಮಾತ್ರ ಆಗಿತ್ತು.

ಡ್ರಮ್ಮಿನಲ್ಲಿ 20% ಇರುವುದು ಸುರಿಯುವಷ್ಟು ತೆಳು ಇದ್ದು, ನೀರಿಗೆ ಹಾಕಿ 2% ಮಾಡಿದರೆ ದಪ್ಪವಾಗುವುದು ಹೇಗೆ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಡ್ರಮ್ಮಿನಲ್ಲಿ ಬ್ಯುಟೈಲ್ ಡೈಗ್ಲೈಕಾಲ್ ಸೇರಿಸಿರುತ್ತಾರೆ. ಅದರಲ್ಲಿ ಎಣ್ಣೆಬಾಲಗಳಿಗೆ ಸಮಾಧಾನ ಸಿಗುವುದರಿಂದ ಅವು ಒಂದನ್ನೊಂದು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ನೀರಿಗೆ ಬಿದ್ದು ಆ ದ್ರಾವಕ ಚದುರಿದ ಮೇಲೆ ತುದಿಗಳು ಕಚ್ಚಿಕೊಳ್ಳುತ್ತವೆ. ಈ ಉತ್ತರ ಮುಂದೆ ಹಂತ 8ರಲ್ಲಿ ಕೆಲಸಕ್ಕೆ ಬಂತು.

ಹಂತ 5: ಸರ್ಫ್ಯಾಕ್ಟಂಟ್ ಹನಿಸಿ ನೋಡಿದ್ದು

ಸೋಡಿಯಂ ಲಾರಿಲ್ ಸಲ್ಫೇಟ್, ಪ್ರಯೋಗಾಲಯದ ದರ್ಜೆ, ಅರ್ಧ ಕಿಲೋ 740 ರೂಪಾಯಿ. ಸ್ಟೈನರ್‌ನಲ್ಲಿ ಇರುವುದು ಬೇರೆ ಜಾತಿಯ ಸರ್ಫ್ಯಾಕ್ಟಂಟ್, ಆದರೆ ಇದು ಶುದ್ಧವಾಗಿ ಸಿಗುತ್ತದೆ, ತೂಗಲು ಸುಲಭ. ಥಿಕ್ನರ್ ಎ 2% ದ್ರಾವಣದಲ್ಲಿ:

0%: 8.2 ಸೆಕೆಂಡ್.
0.05%: 10.6.
0.1%: 14.
0.2%: 19.
0.4%: 9.
0.6%: 3.
1%: ಒಂದು ಸೆಕೆಂಡಿಗೂ ಕಡಿಮೆ.

ಮೊದಲು ಏರಿತು, ತುತ್ತತುದಿಗೆ ಹೋಗಿ, ಆಮೇಲೆ ಕುಸಿಯಿತು. ಹಂತ 1ರ 108 ಕೆಯು ಎಲ್ಲಿಂದ ಬಂತೆಂಬುದು ಈ ಪಟ್ಟಿ ನೋಡಿದ ಮೇಲೆ ಅರ್ಥವಾಯಿತು. ಸ್ವಲ್ಪವೇ ಸರ್ಫ್ಯಾಕ್ಟಂಟ್ ಇದ್ದಾಗ ಅದರ ಅಣುಗಳು ಥಿಕ್ನರ್‌ನ ತುದಿಗಳ ಜೊತೆ ಸೇರಿ ಹೊಸ ಮಿಶ್ರ ಗುಂಪು ಕಟ್ಟುತ್ತವೆ. ಗುಂಪುಗಳ ಸಂಖ್ಯೆ ಹೆಚ್ಚಿ, ಮಡಚಿಕೊಂಡಿದ್ದ ಸರಪಳಿಗಳು ಬಿಚ್ಚಿ ಸೇತುವೆಯಾಗಲು ಜಾಗ ಸಿಗುತ್ತದೆ. ಸರ್ಫ್ಯಾಕ್ಟಂಟ್ ಇನ್ನೂ ಹೆಚ್ಚಾದರೆ ತುದಿಗಳಿಗಿಂತ ಗುಂಪುಗಳೇ ಜಾಸ್ತಿ. ಪ್ರತಿ ತುದಿಗೂ ಅದರದೇ ಒಂದು ಗುಂಪು, ಸುತ್ತ ಸಾಬೂನಿನ ಅಣುಗಳು, ಪಕ್ಕದಲ್ಲಿ ಬೇರೆ ಸರಪಳಿಯ ತುದಿ ಇಲ್ಲ. ಸರಪಳಿ ಒಂದೂ ತುಂಡಾಗಿಲ್ಲ, ಪಾಲಿಮರ್ ಅಷ್ಟೇ ಇದೆ, ಜಾಲ ಮಾತ್ರ ಇಲ್ಲ.

ತಿಳಿ ಬಣ್ಣದ ಬಕೆಟ್ ದಪ್ಪ, ಗಾಢ ಬಣ್ಣದ್ದು ತೆಳು ಎಂದು ಅಂಗಡಿಯವರು ಹೇಳುತ್ತಿದ್ದುದನ್ನು ನಾವು ಬ್ಯಾಚ್‌ನಿಂದ ಬ್ಯಾಚ್‌ಗೆ ಬರುವ ವ್ಯತ್ಯಾಸ ಎಂದುಕೊಂಡಿದ್ದೆವು. ಒಂದೇ ಬ್ಯಾಚ್‌ನಲ್ಲಿ ಎರಡೂ ಆಗುತ್ತದೆ.

ಹಂತ 6: ತುದಿಯನ್ನು ಮಾತ್ರ ಮುಚ್ಚಿದರೆ

ಈ ಪ್ರಯೋಗ ಪೇಂಟಿನ ರಿಪೇರಿಗೆ ಕಡ್ಡಾಯವೇನಲ್ಲ. ಆದರೆ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ. ಸರ್ಫ್ಯಾಕ್ಟಂಟ್ ಬೆನ್ನೆಲುಬಿನ ಮೇಲೂ ಏನಾದರೂ ಮಾಡುತ್ತಿರಬಹುದು ಎಂಬ ಅನುಮಾನ ಉಳಿದಿತ್ತು. ತುದಿಯನ್ನು ಮಾತ್ರ ಮುಟ್ಟಿ ಬೆನ್ನೆಲುಬನ್ನು ಮುಟ್ಟದ ವಸ್ತು ಬೇಕಿತ್ತು.

ಅಂಥದ್ದು ಬೀಟಾ ಸೈಕ್ಲೋಡೆಕ್ಸ್ಟ್ರಿನ್. ಏಳು ಗ್ಲೂಕೋಸ್ ಘಟಕಗಳ ಉಂಗುರ. ಹೊರಗೆ ನೀರಿಗೆ ಒಗ್ಗುತ್ತದೆ, ಒಳಗಿನ ಟೊಳ್ಳು ಎಣ್ಣೆಬಾಲಕ್ಕೆ ಒಗ್ಗುತ್ತದೆ. 1990ರಲ್ಲಿ ಒಸಾಕಾದ ರಸಾಯನ ವಿಜ್ಞಾನಿಗಳು ಹರಾಡ ಮತ್ತು ಕಮಾಚಿ ಪೆಗ್ ಸರಪಳಿಯ ಮೇಲೆ ಇಂಥ ಉಂಗುರಗಳನ್ನು ಪೋಣಿಸಿದ್ದರು. ಆರು ಗ್ಲೂಕೋಸ್‌ನ ಆಲ್ಫಾ ಉಂಗುರ ಪೆಗ್ಗನ್ನು ಹಿಡಿಯುತ್ತದೆ, ಬೀಟಾ ಹಿಡಿಯುವುದಿಲ್ಲ. ನಮಗೆ ಬೇಕಾದದ್ದು ಆ ಹಿಡಿಯದ ಉಂಗುರ. 25 ಗ್ರಾಂಗೆ 1,150 ರೂಪಾಯಿ ಬಿತ್ತು. ನೀರಿನಲ್ಲಿ ಇದು ಹೆಚ್ಚು ಕರಗುವುದಿಲ್ಲ, 25 ಡಿಗ್ರಿಯಲ್ಲಿ 100 ಮಿ.ಲೀ.ಗೆ 1.85 ಗ್ರಾಂ. ಹಾಗಾಗಿ 0.5% ಸಾಕೆಂದು ನಿರ್ಧರಿಸಿದೆ. 35,000 ಅಣುತೂಕದ ಅಂದಾಜಿನಲ್ಲಿ ಇದು ಒಂದು ತುದಿಗೆ ಸುಮಾರು ನಾಲ್ಕು ಉಂಗುರ.

ಥಿಕ್ನರ್ ಎ 2%, ಏನೂ ಹಾಕದೆ: 8.2 ಸೆಕೆಂಡ್.
ಬೀಟಾ ಸೈಕ್ಲೋಡೆಕ್ಸ್ಟ್ರಿನ್ 0.5% ಹಾಕಿ ರಾತ್ರಿ ಬಿಟ್ಟ ಮೇಲೆ: ಒಂದು ಸೆಕೆಂಡಿಗೂ ಕಡಿಮೆ.
ಅದಕ್ಕೇ ಲಾರಿಲ್ ಸಲ್ಫೇಟ್ 0.15% ಸೇರಿಸಿದ ಮೇಲೆ: 7.4 ಸೆಕೆಂಡ್.

ಮೂರನೆಯ ಸಾಲನ್ನು ನೋಡಿ. ಸರ್ಫ್ಯಾಕ್ಟಂಟ್ ಹಾಕಿದ್ದಕ್ಕೆ ದಪ್ಪ ವಾಪಸ್ ಬಂತು. ಲಾರಿಲ್ ಸಲ್ಫೇಟ್‌ನ 12 ಇಂಗಾಲದ ಬಾಲ ಉಂಗುರದೊಳಗೆ ಒಂದಕ್ಕೊಂದರಂತೆ ಬಿಗಿಯಾಗಿ ಕೂರುತ್ತದೆ. ಉಂಗುರಗಳು ಅತ್ತ ಹೋದವು, ಥಿಕ್ನರ್‌ನ ತುದಿಗಳು ಬಿಡುಗಡೆಯಾಗಿ ಮತ್ತೆ ಜಾಲ ಕಟ್ಟಿದವು. 0.5% ಉಂಗುರಕ್ಕೆ ಸರಿಸಮವಾದ ಲಾರಿಲ್ ಸಲ್ಫೇಟ್ ಲೆಕ್ಕದಲ್ಲಿ 0.127%, ನಾನು ಹಾಕಿದ್ದು ಅದಕ್ಕಿಂತ ತುಸು ಹೆಚ್ಚು. ಬರಿ ಪೆಗ್ 20,000ಕ್ಕೆ ಉಂಗುರ ಹಾಕಿದ ದ್ರಾವಣದಲ್ಲಿ ಏನೂ ಬದಲಾಗಲಿಲ್ಲ. ಅನುಮಾನ ಅಲ್ಲಿಗೆ ಮುಗಿಯಿತು: ದಪ್ಪ ಇರುವುದು ತುದಿಯಲ್ಲಿ.

ಹಂತ 7: ಬಿಸಿ

ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟಿನ ಕೆಳಗಿನ ಗೋದಾಮು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬಕೆಟ್ ನೀರನ್ನು 45 ಡಿಗ್ರಿಗೆ ಏರಿಸಿ ಗುಂಡು ಬಿಟ್ಟೆ: 8.2 ಇದ್ದದ್ದು 2.7 ಸೆಕೆಂಡ್. ತಣ್ಣಗಾದ ಮೇಲೆ ಮತ್ತೆ 8ರ ಆಸುಪಾಸು. ತುದಿ ತನ್ನ ಗುಂಪಿನಲ್ಲಿ ಶಾಶ್ವತವಾಗಿ ಕೂತಿರುವುದಿಲ್ಲ, ಹೊರಬಂದು ಇನ್ನೊಂದಕ್ಕೆ ಸೇರುತ್ತಿರುತ್ತದೆ. ಬಿಸಿಯಾದಷ್ಟೂ ಬೇಗ ಹೊರಬರುತ್ತದೆ. ಪೇಂಟ್‌ನ ಕೆಯು ಬರೆಯುವಾಗ ಉಷ್ಣತೆ ಬರೆಯದಿದ್ದರೆ ಆ ಅಂಕಿಯನ್ನು ಹೊಡೆದುಹಾಕಿ ಎಂದು ಲಾಗ್ ಪುಸ್ತಕದ ಮೊದಲ ಪುಟದಲ್ಲೇ ಬರೆಸಿದ್ದೇನೆ.

ರಿಪೇರಿಯ ದಾರಿ ಕೂಡ ಇಲ್ಲಿಯೇ ಕಂಡಿತು. 1993ರಲ್ಲಿ ಸಂಶೋಧಕ ಆನಬಲ್ ಮತ್ತು ಸಂಗಡಿಗರು ತುದಿಯ ಬಾಲದ ಉದ್ದ ಬದಲಿಸುತ್ತಾ ಇಂಥ ದ್ರಾವಣಗಳನ್ನು ಅಳೆದು ತೋರಿಸಿದ್ದು ಇದನ್ನೇ: ಬಾಲಕ್ಕೆ ಇಂಗಾಲ ಸೇರಿಸುತ್ತ ಹೋದಂತೆ ತುದಿ ಗುಂಪಿನಿಂದ ಹೊರಬರಲು ಹಿಡಿಯುವ ಸಮಯ ಸಮನಾಗಿ ಅಲ್ಲ, ಗುಣಿಸುತ್ತ ಏರುತ್ತದೆ. ಹಾಗಿದ್ದರೆ ಸ್ಟೈನರ್ ತಡೆಯಲು ಹೆಚ್ಚು ಥಿಕ್ನರ್ ಬೇಕಿಲ್ಲ, ಹೆಚ್ಚು ಬಿಗಿ ಹಿಡಿಯುವ ತುದಿ ಬೇಕು.

ಹಂತ 8: ಫಾರ್ಮುಲಾ ಬದಲಿಸಿದ್ದು

ಪ್ರತಿ ಟ್ರಯಲ್ 5 ಕಿಲೋ. ಎಲ್ಲಕ್ಕೂ ಅದೇ 8% ಕೆಂಪು ಸ್ಟೈನರ್.

ಟ್ರಯಲ್ ಒಂದು: ಅದೇ ಎ, 1.2%ರಿಂದ 1.8%ಕ್ಕೆ. ಬೇಸ್ 124, ಬಣ್ಣ ಹಾಕಿದ ಮೇಲೆ 84. ಬೇಸ್ ಎಷ್ಟು ಗಟ್ಟಿಯಾಯಿತೆಂದರೆ ಅಂಗಡಿಯ ಶೇಕರ್‌ನಲ್ಲಿ ಸ್ಟೈನರ್ ಪೂರ್ತಿ ಬೆರೆಯದೆ ಗೆರೆ ಗೆರೆಯಾಗಿ ಉಳಿಯಿತು. ಕಿಲೋ ಪೇಂಟಿಗೆ ಖರ್ಚು 1 ರೂಪಾಯಿ 68 ಪೈಸೆ ಹೆಚ್ಚು. ಕೈಬಿಟ್ಟೆ.

ಟ್ರಯಲ್ ಎರಡು: ಎ ಪೂರ್ತಿ ತೆಗೆದು ಹೈಡ್ರಾಕ್ಸಿಎಥಿಲ್ ಸೆಲ್ಯುಲೋಸ್ 0.55%. ಬೇಸ್ 100, ಬಣ್ಣದ ಮೇಲೆ 93. ಇದಕ್ಕೆ ಎಣ್ಣೆಬಾಲದ ತುದಿಯೇ ಇಲ್ಲ, ದಪ್ಪವಾಗುವುದು ಉದ್ದನೆಯ ಸರಪಳಿ ನೀರಿನಲ್ಲಿ ಉಬ್ಬಿ ಜಾಗ ತಿನ್ನುವುದರಿಂದ, ಹಾಗಾಗಿ ಸರ್ಫ್ಯಾಕ್ಟಂಟ್‌ಗೆ ಹಿಡಿಯಲು ಏನೂ ಇಲ್ಲ. ಅಂಕಿ ನೋಡಿದರೆ ಇಲ್ಲಿಗೇ ನಿಲ್ಲಿಸಬೇಕು. ಆದರೆ ಗೋಡೆಗೆ ಹಚ್ಚಿದಾಗ ರೋಲರ್‌ನಿಂದ ಸಣ್ಣ ಹನಿ ಹಾರಿ ನೆಲವೆಲ್ಲ ಚುಕ್ಕೆ, ಬ್ರಷ್ ಗೆರೆ ಮಟ್ಟವಾಗಿ ಕೂರಲೇ ಇಲ್ಲ. 50 ಡಿಗ್ರಿಯ ಒಲೆಯಲ್ಲಿ ಒಂದು ವಾರ ಇಟ್ಟ ಡಬ್ಬಿಯ ಮೇಲೆ ತೆಳು ನೀರಿನ ಪದರ. ಖರ್ಚು ಎ ಹಾಕುವಷ್ಟೇ. ಮೇಸ್ತ್ರಿಗಳಿಗೆ ಇದನ್ನು ಕೊಟ್ಟರೆ ದೂರಿನ ಸ್ವರೂಪ ಬದಲಾಗುತ್ತದೆ, ದೂರು ನಿಲ್ಲುವುದಿಲ್ಲ.

ಟ್ರಯಲ್ ಮೂರು: ಬಿಗಿ ತುದಿಯ ಹ್ಯೂರ್. ಸರಬರಾಜುದಾರರ ಬಳಿ "ಟಿಂಟ್ ಹಾಕಿದರೂ ಬೀಳದ್ದು" ಎಂದು ಕೇಳಿ ತರಿಸಿದ್ದು, ಕಿಲೋಗೆ 390. ಇದನ್ನು "ಬಿ" ಎನ್ನೋಣ. 0.7% ಹಾಕಿದರೆ ಬೇಸ್ 101, ಬಣ್ಣದ ಮೇಲೆ 90. 103ರಿಂದ 70ಕ್ಕೆ ಬೀಳುತ್ತಿದ್ದುದು ಈಗ 11 ಕೆಯು ಮಾತ್ರ ಬೀಳುತ್ತಿದೆ, ಅದರಲ್ಲೂ 8 ಬರಿ ನೀರಿನಂಶದ್ದು. ಆದರೆ ಒಲೆಯಲ್ಲಿಟ್ಟ ಡಬ್ಬಿಯಲ್ಲಿ ಒಂದು ಬೆರಳಿನಷ್ಟು ನೀರು ಮೇಲೆ ಬಂದಿತ್ತು. ಪ್ರಮಾಣ ಕಡಿಮೆ, ತುದಿ ಬಿಗಿ: ಬೈಂಡರ್ ಕಣಗಳ ಮೈ ಪೂರ್ತಿ ಮುಚ್ಚುವಷ್ಟು ಅಣು ಇಲ್ಲ. ಒಂದು ಅಣುವಿನ ಎರಡು ತುದಿ ಎರಡು ಕಣಕ್ಕೆ ಕಚ್ಚಿ ಎಳೆದು, ಕಣಗಳೇ ಗುಂಪಾಗಿ ನೀರನ್ನು ಹೊರಗೆ ಹಿಂಡುತ್ತಿವೆ.

ಟ್ರಯಲ್ ನಾಲ್ಕು: ಬಿ 0.5%, ಜೊತೆಗೆ ಎ 0.4%. ಸಡಿಲ ತುದಿಯ ಎ ಕಣಗಳ ಮೈ ತುಂಬಲಿ, ಬಿಗಿ ತುದಿಯ ಬಿ ಜಾಲ ಹಿಡಿಯಲಿ ಎಂಬ ಲೆಕ್ಕ. ಬೇಸ್ 101, ಕೆಂಪು ಹಾಕಿದ ಮೇಲೆ 89. ಒಲೆಯಲ್ಲಿ ಒಂದು ವಾರದ ಮೇಲೆ ಮೇಲ್ಪದರ ಇಲ್ಲ. ರೋಲರ್ ಹನಿ ಇಲ್ಲ, ಬ್ರಷ್ ಗೆರೆ ಮಟ್ಟವಾಗಿ ಕೂರುತ್ತದೆ. ಕಿಲೋ ಪೇಂಟಿಗೆ ಥಿಕ್ನರ್ ಖರ್ಚು 3 ರೂಪಾಯಿ 7 ಪೈಸೆ. ಮೊದಲಿದ್ದದ್ದು 3 ರೂಪಾಯಿ 36 ಪೈಸೆ.

ಈಗ ಉತ್ಪಾದನೆಗೆ ಹೋಗುತ್ತಿರುವುದು ನಾಲ್ಕನೆಯದು. ಬೆರೆಸುವ ಕ್ರಮದ ಬಗ್ಗೆ ಒಂದು ಮಾತು. ಬೈಂಡರ್ ಹಾಕಿದ ನಂತರ, ಅಮೋನಿಯಾ ಹಾಕಿ ಪಿಎಚ್ 8.5 ದಾಟಿದ ಮೇಲೆ ಎ, ಅದಾಗಿ ಹತ್ತು ನಿಮಿಷ ಬಿಟ್ಟು ಬಿ. ಹ್ಯೂರ್‌ಗೆ ದಪ್ಪ ಬರಲು ಕ್ಷಾರ ಬೇಕಿಲ್ಲ. ಅಮೋನಿಯಾ ಬೈಂಡರ್‌ನ ಸಲುವಾಗಿ. ಬಿ ಯನ್ನು ಡ್ರಮ್ಮಿನಿಂದ ನೇರ ಸುರಿಯಬೇಡಿ. ಅದರೊಳಗಿನ ಬ್ಯುಟೈಲ್ ಡೈಗ್ಲೈಕಾಲ್ ನೀರಿನಲ್ಲಿ ಚದುರುವ ಮೊದಲೇ ಹೊರಮೈಯ ತುದಿಗಳು ಕಚ್ಚಿಕೊಂಡು ಜೆಲ್ಲಿನ ಚರ್ಮ ಕಟ್ಟುತ್ತದೆ, ಒಳಗಿರುವುದು ಒಳಗೇ ಉಳಿಯುತ್ತದೆ. ಒಂದು ಪಾಲು ಬಿ ಗೆ ಒಂದು ಪಾಲು ಪ್ರೊಪಿಲೀನ್ ಗ್ಲೈಕಾಲ್, ಎರಡು ಪಾಲು ನೀರು. ಮೊದಲು ಗ್ಲೈಕಾಲ್, ಆಮೇಲೆ ನೀರು. ಇದನ್ನು ನೂಲಿನ ಧಾರೆಯಂತೆ ಸುಳಿಯ ಅಂಚಿಗೆ ಬಿಡಬೇಕು.

ಹಂತ 9: ವಾಪಸ್ ಬಂದ ಬಕೆಟ್‌ಗಳು

ಬಣ್ಣ ಬಿದ್ದ 20 ಲೀಟರ್ ಬಕೆಟ್, ತೂಕ ಸುಮಾರು 22 ಕಿಲೋ, ಕೆಯು 70. ಇದಕ್ಕೆ 0.25% ಬಿ, ಅಂದರೆ 55 ಗ್ರಾಂ.

ಮೊದಲ ಬಕೆಟ್‌ಗೆ ಬಿ ಯನ್ನು ತೆಳು ಮಾಡದೆ ಹಾಕಿದ್ದರಿಂದ ಸಾಬಕ್ಕಿ ಗಾತ್ರದ ಗಂಟುಗಳಾದವು. ಗಂಟೆಗಟ್ಟಲೆ ತಿರುಗಿಸಿದರೂ ಕರಗಲಿಲ್ಲ, ನೈಲಾನ್ ಬಟ್ಟೆಯಲ್ಲಿ ಸೋಸಿ ತೆಗೆಯಬೇಕಾಯಿತು, ಸೋಸಿದ್ದರ ಕೆಯು 76ಕ್ಕಿಂತ ಮೇಲೆ ಬರಲಿಲ್ಲ. ಮೇಲೆ ಬರೆದ ಅನುಪಾತ ಹುಟ್ಟಿದ್ದು ಈ ಬಕೆಟ್‌ನಿಂದ. ಉಳಿದವುಗಳಿಗೆ ತೆಳು ಮಾಡಿಕೊಂಡು, ಡ್ರಿಲ್ಲಿಗೆ ಪ್ಯಾಡಲ್ ಸಿಕ್ಕಿಸಿ ನಿಧಾನ ವೇಗದಲ್ಲಿ ಹದಿನೈದು ನಿಮಿಷ ತಿರುವಿ, ಮರುದಿನ ಅಳೆದಾಗ 86ರಿಂದ 88. ಅಂಗಡಿಗಳಿಗೆ ವಾಪಸ್ ಕಳಿಸಿದೆವು. ಬಣ್ಣದ ಛಾಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಬೆರಳಿನಿಂದ ಉಜ್ಜುವ ರಬ್ ಔಟ್ ಪರೀಕ್ಷೆಯಲ್ಲೂ ಸರಿಯಿತ್ತು.

ಎಲ್ಲ ಸೇರಿ ಈ ಕೆಲಸಕ್ಕೆ ಹೊಸದಾಗಿ ಕೊಂಡ ಗಾಜು, ಗುಂಡು, ರಾಸಾಯನಿಕಗಳಿಗೆ 3,500 ರೂಪಾಯಿಯ ಒಳಗೆ ಆಯಿತು. ಬಿ ಯ ಸ್ಯಾಂಪಲ್ ಪುಕ್ಕಟೆ ಸಿಕ್ಕಿತು.

ಹಂತ 10: ಕಪ್ಪು

ಕೆಂಪು, ನೀಲಿ, ಹಸಿರು, ಆಕ್ಸೈಡ್ ಹಳದಿ ಎಲ್ಲಕ್ಕೂ ನಾಲ್ಕನೆಯ ಫಾರ್ಮುಲಾ 88ರಿಂದ 92ರ ಒಳಗೆ ನಿಲ್ಲುತ್ತಿದೆ. ಕಪ್ಪು ಸ್ಟೈನರ್ 8% ಹಾಕಿದರೆ ಮಾತ್ರ 81. ಕಾರ್ಬನ್ ಬ್ಲ್ಯಾಕ್‌ನ ಕಣ ಬಹಳ ಸಣ್ಣದು, ಮೈ ವಿಸ್ತಾರ ಜಾಸ್ತಿ, ಅದನ್ನು ಹಿಡಿದಿಡಲು ಸ್ಟೈನರ್ ಮಾಡುವವರು ಸರ್ಫ್ಯಾಕ್ಟಂಟ್ ಹೆಚ್ಚು ಹಾಕಲೇಬೇಕು. ಬಿ ಯನ್ನು 0.6%ಕ್ಕೆ ಏರಿಸಿದರೆ ಕಪ್ಪು 86ಕ್ಕೆ ಬರುತ್ತದೆ, ಆದರೆ ಬೇಸ್ 109 ಆಗಿ ಶೇಕರ್‌ನಲ್ಲಿ ಮತ್ತೆ ತೊಂದರೆ. ಬಿ ಹಾಗೇ ಇಟ್ಟು, ತುದಿಯಿಲ್ಲದ ಸೆಲ್ಯುಲೋಸನ್ನು 0.1% ಮಾತ್ರ ಸೇರಿಸಿದ ಡಬ್ಬಿ ಈಗ 50 ಡಿಗ್ರಿಯ ಒಲೆಯಲ್ಲಿದೆ. ಒಲೆಗೆ ಹೋಗುವ ಮೊದಲು ಕಪ್ಪು ಹಾಕಿದ್ದು 85 ಇತ್ತು. ಪಕ್ಕದಲ್ಲಿ ಇನ್ನೊಂದು ಡಬ್ಬಿ ಇದೆ, ಫಾರ್ಮುಲಾ ನಾಲ್ಕೇ, ಗ್ಲೈಕಾಲ್ ಇಲ್ಲದ, ಸರ್ಫ್ಯಾಕ್ಟಂಟ್ ಕಡಿಮೆ ಇರುವ ಬೇರೆ ಕಪ್ಪು ಸ್ಟೈನರ್ ಹಾಕಿದ್ದು, ಅದು 87. ಈ ಸ್ಟೈನರ್ ಟಿಂಟಿಂಗ್ ಮಷೀನಿನ ನಳಿಕೆಯಲ್ಲಿ ಬೇಗ ಒಣಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ವಾರ ಕಳೆದ ಮೇಲೆ ಎರಡನ್ನೂ ತೆಗೆದು ಮೇಲ್ಪದರ ನೋಡಿ, ಕೆಯು ಅಳೆದು, ಯಾವುದು ನಿಲ್ಲುತ್ತದೋ ಅದನ್ನು ಇದೇ ದಾಖಲೆಗೆ ಸೇರಿಸುತ್ತೇನೆ.